ಬಲಗಡೆಯಿಂದ ಓದಬೇಕಾದ ಪುಸ್ತಕ

ನಾನು ಒಂದು ಚಿತ್ರಕಥೆ ಪುಸ್ತಕ. ಜಪಾನಿನಲ್ಲಿ ನನ್ನಂಥವರನ್ನು ಮಾಂಗಾ ಎಂದು ಕರೆಯುತ್ತಾರೆ. ಹುಬ್ಬಳ್ಳಿಯಲ್ಲಿ ನನ್ನನ್ನು ಕಂಡವರೆಲ್ಲ, “ಇದೇನು, ಸಣ್ಣ ಹುಡುಗರ ಕಾಮಿಕ್ಸ್ ಏನ್ರಿ?” ಎಂದೇ ಕೇಳಿದ್ದಾರೆ. ಕೇಳಿ ಕೇಳಿ ನನಗೆ ಸಾಕಾಗಿದೆ. ನನ್ನೊಳಗೆ ಹಾರುವ ಮನುಷ್ಯರಿಲ್ಲ, ರಾಕ್ಷಸರಿಲ್ಲ. ಇರುವುದು ಒಂದು ಆಫೀಸು, ಅಲ್ಲಿ ದುಡಿಯುವ ಒಬ್ಬ ಹೆಂಗಸು ಮತ್ತು ಒಬ್ಬ ಗಂಡಸು.

ನನ್ನ ಕಥೆಯನ್ನು ಬರೆದವರು ಜಪಾನಿನವರು. ಅವರನ್ನು ನಾನು ನೋಡಿಲ್ಲ. ನನ್ನ ಮೈ ಹುಟ್ಟಿದ್ದು ದೆಹಲಿಯ ಹತ್ತಿರದ ಒಂದು ಮುದ್ರಣಾಲಯದಲ್ಲಿ, ಇಂಗ್ಲಿಷ್ ಮಾತುಗಳನ್ನು ತೊಟ್ಟುಕೊಂಡು. ಬೇಸಿಗೆಯ ದಿನ. ಮಸಿ ಇನ್ನೂ ಒದ್ದೆಯಾಗಿತ್ತು, ಬೆನ್ನಿಗೆ ಹಚ್ಚಿದ ಬಿಸಿ ಅಂಟು ಚುರುಗುಟ್ಟುತ್ತಿತ್ತು. ಬೈಂಡಿಂಗ್ ವಿಭಾಗಕ್ಕೆ ಹೊಸದಾಗಿ ಸೇರಿದ್ದ ಕೆಲಸಗಾರನೊಬ್ಬ ನನ್ನನ್ನು ತೆರೆದು ನೋಡಿ, “ಉಲ್ಟಾ ಹೈ” ಎಂದು ತಪ್ಪು ಪುಸ್ತಕಗಳ ರಾಶಿಗೆ ಎಸೆದ. ಮೇಸ್ತ್ರಿ ಬಂದು ಅವನನ್ನು ಬೈದು ನನ್ನನ್ನು ಎತ್ತಿಕೊಂಡ. ಹುಟ್ಟುತ್ತಲೇ ಉಲ್ಟಾ ಅನ್ನಿಸಿಕೊಂಡ ಪುಸ್ತಕ ನಾನು.

ಅವನದೇನೂ ತಪ್ಪಿಲ್ಲ. ಜಪಾನಿನಲ್ಲಿ ಪುಸ್ತಕ ತೆರೆಯುವುದು ಬಲಗಡೆಯಿಂದ. ಮಾತುಗಳನ್ನು ಇಂಗ್ಲಿಷಿಗೆ ತಂದವರು ಚಿತ್ರಗಳನ್ನು ಇದ್ದ ಹಾಗೆಯೇ ಬಿಟ್ಟರು. ಹಾಗಾಗಿ ನಿಮ್ಮ ಪುಸ್ತಕಗಳು ಎಲ್ಲಿ ಮುಗಿಯುತ್ತವೆಯೋ ಅಲ್ಲಿ ನಾನು ಶುರುವಾಗುತ್ತೇನೆ. ಗೊತ್ತಿಲ್ಲದವರು ಮೋಸಹೋಗಬಾರದೆಂದು ನನ್ನ ಎಡತುದಿಯ ಹಾಳೆಯಲ್ಲಿ ದಪ್ಪ ಅಕ್ಷರಗಳಲ್ಲಿ ಒಂದು ಎಚ್ಚರಿಕೆ ಹಾಕಿದ್ದರು: ನಿಲ್ಲಿ, ನೀವು ಪುಸ್ತಕವನ್ನು ಕೊನೆಯಿಂದ ತೆರೆದಿದ್ದೀರಿ, ತಿರುಗಿಸಿಕೊಳ್ಳಿ. ನನ್ನ ಮೈಯಲ್ಲಿ ಎಲ್ಲಕ್ಕಿಂತ ಬೇಕಾದ ಹಾಳೆ ಅದೇ ಆಗಿತ್ತು ಎಂದು ನನಗೆ ಆಮೇಲೆ ತಿಳಿಯಿತು.

ನನ್ನೊಳಗಿನ ಕಥೆಯನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಕಾಶೆ ಅಚ್ಚು ಹಾಕುವ ಕಂಪನಿಯೊಂದರಲ್ಲಿ ಮಿಚಿರು ಎಂಬ ಹೆಂಗಸು ಕೆಲಸ ಮಾಡುತ್ತಾಳೆ. ಅವಳ ಕೈಗಳು ಸದಾ ಮಂಜಿನ ಹಾಗೆ ತಣ್ಣಗೆ. ಮುಟ್ಟಿದವರು ಬೆಚ್ಚಿ ಕೈ ಎಳೆದುಕೊಳ್ಳುತ್ತಾರೆ. ಅದಕ್ಕೆ ಅವಳು ಬೇಸಿಗೆಯಲ್ಲೂ ಉಣ್ಣೆಯ ಕೈಗವಸು ಹಾಕಿಕೊಂಡು ಯಾರ ಹತ್ತಿರವೂ ಸುಳಿಯುವುದಿಲ್ಲ. ನನ್ನ ಮೊದಲನೆಯ ಪುಟದಲ್ಲಿ ಅವಳು ಮೆಟ್ಟಿಲ ಕೆಳಗೆ ಒಬ್ಬಳೇ ಕೂತು ಊಟ ಮಾಡುತ್ತಿರುತ್ತಾಳೆ. ಒಗಾವ ಎಂಬ ಸಹೋದ್ಯೋಗಿಗೆ ಒಂದು ದಿನ ಅಕಸ್ಮಾತ್ತಾಗಿ ಆ ಕೈ ತಗಲುತ್ತದೆ. ಅಂದಿನಿಂದ ಅವನಿಗೆ ಲೋಕದಲ್ಲಿ ಬೇರೇನೂ ಬೇಡ, ಆ ತಣ್ಣನೆಯ ಕೈಯೊಂದು ಬೇಕು. ಜಗಳ, ಅನುಮಾನ, ಅಳು ಎಲ್ಲ ದಾಟಿ ಕೊನೆಯ ಪುಟದಲ್ಲಿ ಬಸ್ ಸ್ಟಾಪಿನಲ್ಲಿ ನಿಂತು ಅವಳು ಕೈಗವಸು ಬಿಚ್ಚಿ ಎರಡೂ ಕೈಗಳನ್ನು ಅವನ ಕೊರಳಪಟ್ಟಿಯೊಳಗೆ ಇಡುತ್ತಾಳೆ. ಅವನು ನಡುಗುತ್ತಾ ನಗುತ್ತಾನೆ. ಇಷ್ಟೇ ನಾನು.

ನನ್ನನ್ನು ಮೊದಲು ಕೊಂಡವನು ಧಾರವಾಡದ ಹಾಸ್ಟೆಲಿನ ಒಬ್ಬ ವಿದ್ಯಾರ್ಥಿ. ಅವನ ಕೋಣೆಯಲ್ಲಿ ನಾನು ಕೈಯಿಂದ ಕೈಗೆ ಹೋದೆ. ಕೆಲವರು ಒಗಾವನನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ಎಂಥಾ ಹುಚ್ಚಪ್ಪ ಇಂವ, ಮುಖ ಬಿಟ್ಟು ಕೈಗೆ ಬಿದ್ದಾನ” ಎಂದರು. ನನ್ನ ಮೇಲೆ ಚಹಾದ ಲೋಟ ಇಟ್ಟರು. ಪರೀಕ್ಷೆ ಮುಗಿದ ಮೇಲೆ ನಾನು ಹಳೆಯ ಗೈಡುಗಳ ಜೊತೆ ಮೂಟೆಯಲ್ಲಿ ಕೂತು ಹುಬ್ಬಳ್ಳಿಗೆ ಬಂದೆ.

ಹುಬ್ಬಳ್ಳಿ ಸ್ಟೇಷನ್ನಿನ ಹೊರಗೆ ಮಕ್ತುಮ್‌ಸಾಬ ಎಂಬ ಮುದುಕ ಹಳೆಯ ಪುಸ್ತಕ ಮಾರುತ್ತಿದ್ದ. ನನ್ನ ಕಂಡು ಅವನಿಗೆ ಕನಿಕರವಾಯಿತು. ಎಡಗಡೆಯ ರಟ್ಟು ಕಿತ್ತು ನೇತಾಡುತ್ತಿತ್ತು. ಯಾವ ಪುಸ್ತಕ ಬಂದರೂ ಮೊದಲ ಹಾಳೆಯನ್ನು ರಟ್ಟಿಗೆ ಪೂರ್ತಿ ಅಂಟಿಸುವುದು ಅವನ ಪದ್ಧತಿ, ಹಾಗೆ ಮಾಡಿದರೆ ರಟ್ಟು ಮತ್ತೆ ಬಿಡುವುದಿಲ್ಲ. ಮೈದಾ ಹಿಟ್ಟಿನ ಅಂಟಿಗೆ ಹುಳ ಬೀಳದಿರಲೆಂದು ಮೈಲುತುತ್ತ ಬೆರೆಸಿ ಸವರಿದ, ಎಡತುದಿಯ ಹಾಳೆಯನ್ನು ರಟ್ಟಿಗೆ ಒತ್ತಿ ಅಂಗೈಯಿಂದ ಉಜ್ಜಿದ. ಅವನ ಲೆಕ್ಕಕ್ಕೆ ಅದೇ ಮೊದಲ ಹಾಳೆ. ನನ್ನ ಎಚ್ಚರಿಕೆಯ ಮಾತು ಅಲ್ಲಿ ಮುಚ್ಚಿಹೋಯಿತು. ಅಷ್ಟು ಅಕ್ಕರೆಯಿಂದ ನನ್ನನ್ನು ಯಾರೂ ಮುಟ್ಟಿರಲಿಲ್ಲ, ಅಷ್ಟು ದೊಡ್ಡ ಕೇಡನ್ನೂ ಯಾರೂ ಮಾಡಿರಲಿಲ್ಲ.

ಅಲ್ಲಿಂದ ನನ್ನನ್ನು ಕೊಂಡೊಯ್ದವನು ಚನ್ನವೀರ ಅಂಗಡಿ ಎಂಬಾತ. ಬೋರ್‌ವೆಲ್ ಪಂಪು ಮಾರುವ ಒಂದು ಕಂಪನಿಯ ಗೋದಾಮಿನಲ್ಲಿ ಮಾಲು ಕಳಿಸುವ ಕೆಲಸ ಅವನದು. ಮೂವತ್ತು ದಾಟಿದವನು, ಸಂಕೋಚದ ಮನುಷ್ಯ. ಮಾಂಗಾಗಳನ್ನು ಮೊಬೈಲಿನಲ್ಲಿ ಓದುವ ಚಟ ಅವನಿಗಿತ್ತು. ನನ್ನ ಕಥೆ ಅವನಿಗೆ ಮೊದಲೇ ಗೊತ್ತು. ಮಕ್ತುಮ್‌ಸಾಬನ ಮುಂದೆ ನಿಂತೇ ಅವನು ನನ್ನನ್ನು ಬಲಗಡೆಯಿಂದ ತೆರೆದ. ಎಷ್ಟೋ ದಿನಗಳ ಮೇಲೆ ಒಬ್ಬ ನನ್ನನ್ನು ಸರಿಯಾಗಿ ಹಿಡಿದಿದ್ದ. ನನಗೆ ಆನಂದವಾಯಿತು. ಎಡಗಡೆಯ ರಟ್ಟಿನೊಳಗೆ ಏನು ಮುಚ್ಚಿದೆ ಎಂದು ನೋಡುವ ಅಗತ್ಯ ಅವನಿಗೆ ಬೀಳಲಿಲ್ಲ.

ಅವನು ನನ್ನನ್ನು ಕೊಂಡದ್ದು ತನಗಾಗಿ ಅಲ್ಲ. ಕಂಪನಿಯ ಆಫೀಸು ಊರೊಳಗಿತ್ತು, ಗೋದಾಮು ಊರಾಚೆ. ಲಾರಿ ಹೊರಡುವ ಮುಂಚೆ ಅವನು ಆಫೀಸಿಗೆ ಫೋನ್ ಮಾಡಿ ಬಿಲ್ಲಿನ ನಂಬರ್ ಕೇಳಿ ಬರೆದುಕೊಳ್ಳಬೇಕು. ಆ ನಂಬರ್ ಹೇಳುತ್ತಿದ್ದವಳು ಬಿಲ್ಲಿಂಗ್ ವಿಭಾಗದ ನೀಲಾಂಬಿಕಾ ಜವಳಿ. ಅವಳ ದನಿ ಹೆಂಗಸರ ದನಿಯಂತಿರಲಿಲ್ಲ. ದಪ್ಪ, ಒಡಕು, ಬಾವಿಯೊಳಗಿಂದ ಬಂದ ಹಾಗೆ. ಹೊಸ ಗಿರಾಕಿಗಳು ಫೋನಿನಲ್ಲಿ ಅವಳನ್ನು ಸರ್ ಎನ್ನುತ್ತಿದ್ದರು. ಚನ್ನವೀರ ಆ ದನಿಗೆ ಸೋತುಹೋಗಿದ್ದ. ಲೈನ್ ಚೆನ್ನಾಗಿದ್ದರೂ, “ಸರಿ ಕೇಳ್ಸಲಿಲ್ರಿ, ಇನ್ನೊಮ್ಮೆ ಹೇಳ್ರಿ” ಎನ್ನುತ್ತಿದ್ದ. ಅವಳು ಮತ್ತೆ ಹೇಳುತ್ತಿದ್ದಳು. ಅವನು ರಿಸೀವರನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ನಾನು ಅವನ ಮೇಜಿನ ಮೇಲಿದ್ದು ಇದನ್ನೆಲ್ಲ ನೋಡಿದ್ದೇನೆ.

ಬಾಯಿಬಿಟ್ಟು ಹೇಳಲು ಅವನಿಗೆ ಧೈರ್ಯವಿರಲಿಲ್ಲ. ಆಫೀಸಿನ ಹಿರಿಯ ಗುಮಾಸ್ತ ಕಟ್ಟಿಮನಿ ಒಂದು ದಿನ ಗೋದಾಮಿಗೆ ಬಂದಾಗ ಇವನು ಫೋನ್ ಹಿಡಿದು ಕೂತ ಭಂಗಿ ಕಂಡು ಎಲ್ಲವನ್ನೂ ತಿಳಿದುಕೊಂಡ. ಹಮಾಲರ ಎದುರಿಗೇ ಕೂಗಿ ಹೇಳಿದ: “ಏನೋ ಚನ್ನವೀರ, ಊರಾಗ ಕೋಗಿಲಿಗೇನು ಬರ ಬಂದಿತ್ತೋ? ಲಗ್ನ ಆದಮ್ಯಾಲ ಮನ್ಯಾಗ ಇಬ್ಬರು ಗಂಡಸರು ಆಕ್ಕೀರಿ ನೋಡು!” ಹಮಾಲರು ನಕ್ಕರು. ಚನ್ನವೀರನೂ ನಕ್ಕ. ಆ ನಗುವನ್ನು ನಾನು ಅವನಿಗೆ ಇಂದಿಗೂ ಕ್ಷಮಿಸಿಲ್ಲ.

ಕೊನೆಗೆ ಅವನು ಹೇಳುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ. ಆಯುಧಪೂಜೆಯ ದಿನ ಆಫೀಸಿನವರು, ಗೋದಾಮಿನವರು ಎಲ್ಲ ಒಂದೆಡೆ ಸೇರಿದ್ದರು. ಕಂಪ್ಯೂಟರಿಗೆ ಕುಂಕುಮ ಹಚ್ಚಿ ಮಂಡಕ್ಕಿ ಹಂಚುತ್ತಿದ್ದ ಗದ್ದಲದಲ್ಲಿ ಚನ್ನವೀರ ನನ್ನನ್ನು ನೀಲಾಂಬಿಕಾಳ ಕೈಗೆ ಕೊಟ್ಟ.

“ಇದನ್ನ ಓದ್ರಿ. ನನಗ ಹೇಳಾಕ ಬರೂದಿಲ್ಲ, ಇದರಾಗ ಎಲ್ಲಾ ಐತಿ” ಎಂದ. ಹಣೆಯಲ್ಲಿ ಬೆವರು. “ಕಡೀ ಪುಟ ನೋಡ್ರಿ. ನಮ್ಮದೂ ಹಂಗ ಆಗ್ಲಿ ಅಂತ ನನ್ನ ಆಸೆ. ನಿಮಗ ಒಪ್ಪಿಗಿ ಇದ್ರ ಒಂದು ಫೋನ್ ಮಾಡ್ರಿ. ಇಲ್ಲಂದ್ರ ಬ್ಯಾಡ, ನಾ ಏನೂ ತಿಳ್ಕೊಳ್ಳೂದಿಲ್ಲ.”

ಅವಳು ತಲೆಯಾಡಿಸಿದಳು. ಎದುರಿಗೆ ಜನರಿದ್ದರೆ ಅವಳು ಮಾತಿಗೆ ಬದಲು ತಲೆಯಾಡಿಸುವುದೇ ಹೆಚ್ಚು. ಆದರೆ ನನ್ನನ್ನು ಸೆರಗಿನೊಳಗೆ ಜೋಪಾನವಾಗಿ ಮುಚ್ಚಿಕೊಂಡಳು. ಬಲಗಡೆಯಿಂದ ಓದಿ ಎಂಬ ಒಂದು ಮಾತನ್ನು ಚನ್ನವೀರ ಹೇಳಲಿಲ್ಲ. ಅವನಿಗೆ ಅದು ಉಸಿರಾಟದಷ್ಟು ರೂಢಿಯಾಗಿತ್ತು. ಹೇಳಬೇಕೆಂದು ಹೊಳೆಯಲೇ ಇಲ್ಲ.

ಅವಳ ಚೀಲದಲ್ಲಿ ಕೂತು ನಾನು ಕೇಶ್ವಾಪುರದ ಅವಳ ಮನೆಗೆ ಹೋದೆ. ಅಲ್ಲಿ ತಾಯಿ ಮಾತ್ರ ಇದ್ದಳು. ಆ ವಾರವೇ ನೀಲಾಂಬಿಕಾಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ತಾಯಿ ಮೊದಲೇ, “ಹೆಸರು ಕೇಳಿದ್ರ ಸಣ್ಣಗ ಹೇಳವ್ವಾ. ಉಳದದ್ದು ನಾ ಮಾತಾಡ್ತೀನಿ” ಎಂದು ಬೇಡಿಕೊಂಡಿದ್ದಳು. ಬಂದವರು ಅವಲಕ್ಕಿ ತಿಂದು, ಚಹಾ ಕುಡಿದು, ಒಂದು ವಚನ ಹಾಡವ್ವಾ ಎಂದರು. ಅವಳು ಒಂದು ಸಾಲು ಹಾಡಿದಳು. ಗಂಡಿನ ತಂಗಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು. ಆ ಮನೆಯಲ್ಲಿ ಹೀಗಾದದ್ದು ಮೊದಲ ಸಲವೇನಲ್ಲ ಎಂದು ತಾಯಿಯ ಮುಖ ನೋಡಿದರೆ ತಿಳಿಯುತ್ತಿತ್ತು.

ಭಾನುವಾರ ಮಧ್ಯಾಹ್ನ ಅವಳು ಕಿಟಕಿಯ ಹತ್ತಿರ ಕೂತು ನನ್ನನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಎಡಗಡೆಯಿಂದ ತೆರೆದಳು. ನೀವಾದರೂ ಹಾಗೇ ತೆರೆಯುತ್ತಿದ್ದಿರಿ.

ಅವಳು ಕಲಿತದ್ದು ಕನ್ನಡ ಶಾಲೆಯಲ್ಲಿ. ಬಿಕಾಂನಲ್ಲೂ ಇಂಗ್ಲಿಷ್ ಅಂದರೆ ಅಂಜಿಕೆ. ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಒಂದೊಂದೇ ಮಾತನ್ನು ಬಿಡಿಸುತ್ತಾ ಹೋದಳು. ಉತ್ತರ ಮೊದಲು ಬರುತ್ತಿತ್ತು, ಪ್ರಶ್ನೆ ಆಮೇಲೆ. ಕಣ್ಣೀರು ಮೊದಲು, ಬೈಗುಳ ಆಮೇಲೆ. ಬೇರೆ ಯಾರಾದರೂ ಆಗಿದ್ದರೆ, ಈ ಪುಸ್ತಕದಲ್ಲೇ ಏನೋ ಎಡವಟ್ಟಿದೆ ಎಂದು ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. ಅವಳು, “ನನಗ ತಿಳಿಯೂದಿಲ್ಲ, ನನ್ನ ಇಂಗ್ಲಿಷs ಅಷ್ಟು” ಎಂದು ತನ್ನ ಹಣೆಗೆ ತಾನೇ ಬಡಿದುಕೊಂಡು ಮುಂದಿನ ಪುಟಕ್ಕೆ ಹೋದಳು. ನಾನು ಒಳಗೊಳಗೇ ಕಿರುಚುತ್ತಿದ್ದೆ. ಮೈತುಂಬ ಮಾತಿನ ಗುಳ್ಳೆಗಳಿವೆ ನನಗೆ, ಒಂದಕ್ಕೂ ದನಿಯಿಲ್ಲ.

ಅವಳಿಗೆ ಸಿಕ್ಕ ಕಥೆ ಇದು. ಇಬ್ಬರು ಬಸ್ ಸ್ಟಾಪಿನಲ್ಲಿ ಒಟ್ಟಿಗೆ ನಗುತ್ತಿರುತ್ತಾರೆ. ಬರಬರುತ್ತಾ ಜಗಳವಾಗುತ್ತದೆ. ಅವನು ದೂರ ನಿಲ್ಲುತ್ತಾನೆ. ಅವಳು ಮತ್ತೆ ಕೈಗವಸು ಹಾಕಿಕೊಳ್ಳುತ್ತಾಳೆ. ಆಮೇಲೆ ಅವನು ಅವಳ ಗುರುತೇ ಇಲ್ಲದವನ ಹಾಗೆ ಪಕ್ಕದಲ್ಲೇ ನಡೆದುಹೋಗುತ್ತಾನೆ. ಕಡೆಯ ಪುಟದಲ್ಲಿ ಅವಳು ಮೆಟ್ಟಿಲ ಕೆಳಗೆ ಒಬ್ಬಳೇ ಕೂತು ಉಣ್ಣುತ್ತಾಳೆ.

ನೀಲಾಂಬಿಕಾ ಆ ಪುಟವನ್ನು ಬಹಳ ಹೊತ್ತು ನೋಡಿದಳು. ‘ನಮ್ಮದೂ ಹಂಗ ಆಗ್ಲಿ ಅಂತ ನನ್ನ ಆಸೆ’ ಎಂದಿದ್ದನಲ್ಲ ಅವನು. ಹಾಸ್ಯ ಮಾಡಿದನೋ, ಕಟ್ಟಿಮನಿ ಮಾಡಿಸಿದನೋ, ಅಥವಾ ನಿನ್ನಂಥವಳಿಗೆ ಕೊನೆಗೆ ಸಿಗುವುದು ಇಷ್ಟೇ ಎಂದು ನಿಜವನ್ನೇ ಹೇಳಿದನೋ, ಅವಳಿಗೆ ತಿಳಿಯಲಿಲ್ಲ. ಅವಳು ಅಳಲಿಲ್ಲ. ಎದ್ದು ಹೋಗಿ ಅಕ್ಕಿ ಆರಿಸಲು ಕೂತಳು.

ಅವಳು ಫೋನ್ ಮಾಡಲಿಲ್ಲ. ಅತ್ತ ಚನ್ನವೀರ ಬಿಲ್ ನಂಬರಿಗೆ ಫೋನ್ ಮಾಡಿದರೆ ಬೇರೆ ಯಾರೋ ಎತ್ತುತ್ತಿದ್ದರು. ಅವಳು ಮ್ಯಾನೇಜರನ್ನು ಕೇಳಿಕೊಂಡು ಹಳೆಯ ಕಡತಗಳ ಕೋಣೆಗೆ ಹೋಗಿಬಿಟ್ಟಿದ್ದಳು. ಅಲ್ಲಿ ಫೋನೂ ಇಲ್ಲ, ಗಿರಾಕಿಗಳೂ ಇಲ್ಲ. ಆ ಕೋಣೆ ಆಫೀಸಿನ ಮೆಟ್ಟಿಲ ಕೆಳಗೆ ಇತ್ತು. ಮಧ್ಯಾಹ್ನದ ಡಬ್ಬಿಯನ್ನೂ ಅವಳು ಅಲ್ಲಿಯೇ ಬಿಚ್ಚತೊಡಗಿದಳು. ಮನೆಯಿಂದ ತಂದು ಅವಳು ನನ್ನನ್ನಿಟ್ಟಿದ್ದ ಮೇಜಿನ ಖಾನೆಯೊಳಗಿಂದ ನಾನು ಇದನ್ನು ನೋಡಿದೆ. ನನ್ನ ಒಂದು ಪುಟವನ್ನು ಹೀಗೆ ಒಬ್ಬಳು ಬದುಕತೊಡಗಿದ್ದಳು.

ಚನ್ನವೀರ ಅದನ್ನು ಒಲ್ಲೆ ಎಂದೇ ಅರ್ಥಮಾಡಿಕೊಂಡ. ಒಂದು ಸಲ ಎದುರು ಬಂದು ಕೇಳಬಹುದಿತ್ತು. ಕೇಳಲಿಲ್ಲ. ಕಲಬುರಗಿಯ ಶಾಖೆಗೆ ವರ್ಗ ಮಾಡಿಸಿಕೊಂಡು ಹೋದ. ಅವನ ಲಗ್ನದ ಪೇಡೆ ಆಫೀಸಿಗೆ ಬಂದಾಗ ಕಟ್ಟಿಮನಿ ಒಂದನ್ನು ಮೆಟ್ಟಿಲ ಕೆಳಗಿನ ಕೋಣೆಗೂ ತಂದುಕೊಟ್ಟ. ಅವಳು ಅದನ್ನು ತಿಂದಳು.

ವರ್ಷಗಳು ಹೋದವು. ತಾಯಿ ತೀರಿಕೊಂಡಳು. ನೋಡಲು ಬರುವವರು ನಿಂತರು. ಅವಳ ದನಿ ಹೇಗಿತ್ತೆಂಬುದು ಆಫೀಸಿನವರಿಗೇ ಮರೆತುಹೋಯಿತು. ಹೊಸದಾಗಿ ಬಂದವರು ಅವಳಿಗೆ ಮಾತೇ ಬಾರದು ಎಂದುಕೊಂಡಿದ್ದರು. ನಾನು ಹಳದಿಯಾದೆ, ಪುಸ್ತಕದ ಹುಳುಗಳು ನನ್ನ ಅಂಚು ಕಡಿದವು. ಅವಳು ನನ್ನನ್ನು ಏಕೆ ಇಟ್ಟುಕೊಂಡಿದ್ದಳೋ ನಾನರಿಯೆ. ಬಹುಶಃ ಒಬ್ಬ ಗಂಡಸು ಅವಳ ಕೈಗೆ ಕೊಟ್ಟ ವಸ್ತು ನಾನೊಂದೇ ಇರಬೇಕು.

ಒಂದು ಮಧ್ಯಾಹ್ನ ಹಳೆಯ ರವಾನೆ ಚೀಟಿ ಹುಡುಕಿಕೊಂಡು ಚನ್ನವೀರ ಆ ಕೋಣೆಗೆ ಬಂದ. ಅವನಿಗೆ ಮತ್ತೆ ಹುಬ್ಬಳ್ಳಿಗೆ ವರ್ಗವಾಗಿತ್ತು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದ್ದವು. ಅವಳು ಡಬ್ಬಿ ಮುಚ್ಚಿಟ್ಟು, ಖಾನೆಯಿಂದ ನನ್ನನ್ನು ತೆಗೆದು ಅವನ ಮುಂದೆ ಇಟ್ಟಳು.

“ನಿಮ್ಮ ಪುಸ್ತಕ” ಎಂದಳು, ಪಿಸುದನಿಯಲ್ಲಿ. “ಕಡೀ ಪುಟ ನೋಡಿದ್ನಿ. ಆಕಿ ಒಬ್ಬಾಕಿನs ಮೆಟ್ಟಲ ಕೆಳಗ ಕುಂತು ಉಣ್ಣಾಕತ್ತಾಳ. ನೀವು ಹೇಳ್ದಂಗs ಆತು ನೋಡ್ರಿ. ಸಿಟ್ಟಿಲ್ಲ ನನಗ.”

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ನನ್ನನ್ನು ಎತ್ತಿಕೊಂಡ. ಎಡಗಡೆಯ ರಟ್ಟನ್ನು ತೆರೆದ. ಉಗುರಿನಿಂದ ಅಂಟಿದ ಹಾಳೆಯ ಮೂಲೆಯನ್ನು ಕೆರೆದ. ದಪ್ಪ ಅಕ್ಷರಗಳು ಅರ್ಧ ಕಾಣಿಸಿದವು. ಅವಳು ನನ್ನನ್ನು ಕೊನೆಯಿಂದ ಓದಿದ್ದಳೆಂದು ಅವನಿಗೆ ಆಗ ತಿಳಿಯಿತು.

ಆಗ ಅವನು ಸುಮ್ಮನಿರಬಹುದಿತ್ತು. ಲಗ್ನವಾಗಿ ಮಗಳಿರುವ ಮನುಷ್ಯ, ಹೌದ್ರಿ ಎಂದು ನನ್ನನ್ನು ಬಗಲಿಗೆ ಇಟ್ಟುಕೊಂಡು ಹೋಗಬಹುದಿತ್ತು. ಸುಮ್ಮನಿದ್ದಿದ್ದರೆ ಒಳ್ಳೆಯದಿತ್ತೋ, ಹೇಳಿದ್ದು ಒಳ್ಳೆಯದಾಯಿತೋ ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ. ಅವನ ಬಾಯಿಂದ ಮಾತು ತಾನಾಗಿ ಜಾರಿತು.

“ಇದನ್ನ ಈ ಕಡಿಯಿಂದ ಓದೂದಲ್ರಿ. ಬಲಗಡಿಯಿಂದ. ನೀವು ನೋಡಿದ್ದು ಮೊದಲನೇ ಪುಟ.”

ಅವಳು ಕೈಚಾಚಿ ನನ್ನನ್ನು ತೆಗೆದುಕೊಂಡಳು. ಬಲಗಡೆಯಿಂದ ತೆರೆದಳು. ಮೆಟ್ಟಿಲ ಕೆಳಗೆ ಕೂತ ಮಿಚಿರುವಿನಿಂದ ಹಿಡಿದು ಒಂದೊಂದೇ ಪುಟ ಓದಿದಳು. ಪ್ರಶ್ನೆ ಮೊದಲು ಬಂತು, ಉತ್ತರ ಆಮೇಲೆ. ಈ ಸಲ ಅವಳಿಗೆ ನಿಘಂಟು ಬೇಕಾಗಲಿಲ್ಲ, ಎಲ್ಲವೂ ನೆಟ್ಟಗೆ ತಿಳಿಯಿತು. ಚನ್ನವೀರ ಕಡತಗಳ ನಡುವೆ ಅಪರಾಧಿಯ ಹಾಗೆ ನಿಂತಿದ್ದ. ಬಸ್ ಸ್ಟಾಪಿನ ಪುಟ ಬಂದಾಗ ಅವಳು ಅದರ ಮೇಲೆ ಅಂಗೈ ಇಟ್ಟಳು.

“ಏನೂ ಹೊಂದತಿರಲಿಲ್ರಿ ಆಗ” ಎಂದಳು. “ಆದ್ರೂ ಪುಸ್ತಕ ತಪ್ಪಿರಬಹುದು ಅಂತ ಅನಸಲೇ ಇಲ್ಲ. ನನಗ ತಿಳಿಯಲಿಲ್ಲಂದ್ರ ಕೊರತಿ ನಂದs ಇರ್ತದ ಅನ್ಕೊಂಡ್ನಿ.”

“ಒಂದು ಮಾತು ಕೇಳಬಾರದಿತ್ತೇನ್ರಿ ನನ್ನ?”

“ನೀವು ಒಂದು ಮಾತು ಹೇಳಬಾರದಿತ್ತೇನ್ರಿ?”

ಅವನು ತಲೆ ತಗ್ಗಿಸಿದ. “ನಿಮ್ಮ ದನಿ ನನಗ ಭಾಳ ಸೇರತಿತ್ತು. ಅದನ್ನ ಬಾಯಿಬಿಟ್ಟು ಹೇಳಾಕ ನಾಚಿಕಿ ಆತು. ಮಂದಿ ನಗತಾರ ಅಂತ ಅಂಜಿದ್ನಿ.”

ಆ ಮಾತಿಗೆ ಅವಳು ಮೊದಲ ಸಲ ಮುಖವೆತ್ತಿ ಅವನನ್ನು ನೇರವಾಗಿ ನೋಡಿದಳು. “ನನ್ನ ದನಿ?” ಎಂದು ಕೇಳಿದಳು. ಅವನು ಹೌದೆಂದ. ಅವಳು ಮತ್ತೆ, “ಈ ದನಿ?” ಎಂದಳು. ಅಷ್ಟರಲ್ಲಿ ಅವನ ಮೊಬೈಲು ಬಡಿದುಕೊಂಡಿತು. ಹೆಂಡತಿಯ ಕರೆ, ಮಗಳನ್ನು ಶಾಲೆಯಿಂದ ಕರೆತರಬೇಕಿತ್ತು. ಅವನು ಮಾತಾಡುತ್ತಲೇ ಬಾಗಿಲಿನವರೆಗೆ ಹೋದ, ತಿರುಗಿ ನಿಂತ, ಏನೋ ಹೇಳಲು ಬಾಯಿ ತೆರೆದ. ಅವಳು ಬೇಡವೆಂದು ಕೈ ಆಡಿಸಿದಳು. ಹೋದ. ಡಬ್ಬಿಯಲ್ಲಿ ಉಳಿದಿದ್ದ ರೊಟ್ಟಿಯನ್ನು ಅವಳು ಅಂದು ಉಣ್ಣಲಿಲ್ಲ.

ಮರುದಿನ ಅವಳು ನನ್ನನ್ನು ಮನೆಗೆ ಒಯ್ದಳು. ಕೆಲವು ದಿನ ದಿಂಬಿನ ಪಕ್ಕ ಇದ್ದೆ. ಅವಳು ನನ್ನನ್ನು ತೆರೆಯಲಿಲ್ಲ. ಆದರೆ ಒಂಟಿಯಾಗಿ ಕೂತು ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಹೇಳಿಕೊಳ್ಳುವುದನ್ನು ಕೇಳಿದ್ದೇನೆ. ಹೇಳಿ ಕಿವಿಗೊಟ್ಟು ಕೂರುತ್ತಿದ್ದಳು, ಯಾರದೋ ದನಿಯನ್ನು ಪರೀಕ್ಷೆ ಮಾಡುವ ಹಾಗೆ. ಒಂದೊಂದು ಸಲ ಅರ್ಧಕ್ಕೇ ಅಳು ಬಂದು ನಿಲ್ಲಿಸುತ್ತಿದ್ದಳು.

ಆಮೇಲೊಂದು ಬೆಳಿಗ್ಗೆ ರದ್ದಿಯವನು ತಳ್ಳುಗಾಡಿ ನೂಕಿಕೊಂಡು ಓಣಿ ದಾಟಿ ಹೋಗುತ್ತಿದ್ದ. ಅವಳು ಕಿಟಕಿಗೆ ಬಂದು, “ಏ ರದ್ದೀ! ನಿಂದ್ರೋ!” ಎಂದು ಕೂಗಿದಳು. ಪೂರ್ತಿ ದನಿ. ಎದುರು ಮನೆಯ ಹೆಂಗಸರು ಗಂಡಸು ಯಾರೆಂದು ಹೊರಗೆ ಬಂದು ನೋಡಿದರು. ಅವಳು ಕಿಟಕಿಯಿಂದ ಸರಿಯಲಿಲ್ಲ, ಇನ್ನೊಮ್ಮೆ ಕೂಗಿದಳು. ಅಷ್ಟು ವರ್ಷಗಳಲ್ಲಿ ಆ ದನಿ ಮನೆಯಿಂದ ಹೊರಬಿದ್ದದ್ದು ನನ್ನನ್ನು ಕಳಿಸಿಬಿಡುವುದಕ್ಕೆ. ನನಗೆ ನೋವಾಗಲಿಲ್ಲ ಎಂದರೆ ಸುಳ್ಳು. ಆದರೂ ಕೇಳಲು ಚೆನ್ನಾಗಿತ್ತು. ಚನ್ನವೀರ ಹುಚ್ಚನಾಗಿದ್ದು ಸುಮ್ಮನೆ ಅಲ್ಲ.

ಈಗ ನಾನು ದುರ್ಗದಬೈಲಿನಲ್ಲಿ ಮಿರ್ಚಿ ಭಜಿ ಮಾರುವ ಗಾಡಿಯ ಮೇಲಿದ್ದೇನೆ, ಮೊಳೆಯೊಂದಕ್ಕೆ ಸಿಕ್ಕಿಸಿಕೊಂಡು. ಇಲ್ಲಿ ಯಾರೂ ನನ್ನನ್ನು ಓದುವುದಿಲ್ಲ. ಬಾಯಿದ್ದ ಇಬ್ಬರು ತಾವು ಆಡಬೇಕಾದ ಮಾತನ್ನು ಬಾಯಿಲ್ಲದ ನನ್ನ ಮೇಲೆ ಹಾಕಿದರು. ನಾನು ಹೇಳಿದೆ, ನನಗೆ ಬಂದ ಹಾಗೆ, ಬಲದಿಂದ ಎಡಕ್ಕೆ. ಅದು ಅವಳನ್ನು ಮುಟ್ಟಲಿಲ್ಲ. ತಪ್ಪು ಯಾರದೆಂದು ಹುಡುಕುತ್ತಾ ಹೋದರೆ ಮೈದಾ ಅಂಟಿನವರೆಗೆ ಹೋಗಬಹುದು, ಕಟ್ಟಿಮನಿಯವರೆಗೆ ಹೋಗಬಹುದು. ನನಗೆ ಈಗ ಅದರ ಗೊಡವೆ ಬೇಡ.

ಭಜಿಯವನು ಎಲ್ಲರ ಹಾಗೆ ಎಡಗಡೆಯಿಂದ ಹಾಳೆ ಹರಿಯುತ್ತಾನೆ. ರಟ್ಟು ಮೊದಲ ದಿನವೇ ಒಲೆ ಹೊತ್ತಿಸಲು ಹೋಯಿತು. ಅದರ ಬೆನ್ನಿಗೆ ಬಸ್ ಸ್ಟಾಪಿನ ಪುಟ ಹೋಯಿತು, ಬಿಸಿ ಎಣ್ಣೆ ಹೀರಿಕೊಂಡು, ಯಾರದೋ ಕೈಯಲ್ಲಿ ಮುದ್ದೆಯಾಗಿ. ಇವತ್ತು ಜಗಳದ ಪುಟಗಳು ಹರಿಯುತ್ತಿವೆ. ನಾಳೆಯೋ ನಾಡಿದ್ದೋ ಅವನು ಅವಳ ಗುರುತೇ ಇಲ್ಲದೆ ನಡೆದುಹೋಗುವ ಪುಟ ಬರುತ್ತದೆ. ಎಲ್ಲ ಹೋದ ಮೇಲೆ ಮೊಳೆಯಲ್ಲಿ ಉಳಿಯುವುದು ಮೆಟ್ಟಿಲ ಕೆಳಗೆ ಒಬ್ಬಳೇ ಕೂತು ಉಣ್ಣುವ ಹೆಂಗಸು. ನೀಲಾಂಬಿಕಾ ನನ್ನನ್ನು ಹೇಗೆ ಓದಿದ್ದಳೋ ಹಾಗೆಯೇ ನಾನು ಮುಗಿಯುತ್ತಿದ್ದೇನೆ.